ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹತ್ತುತ್ತಿಲ್ಲ, ಲಿನಕ್ಸ್ ಹಾಕಲೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದೆ. 11ಕ್ಕೆ ಏರಿಸಲು ಹೋದರೆ ‘ಈ ಪಿಸಿಗೆ ಅರ್ಹತೆ ಇಲ್ಲ’ ಎನ್ನುತ್ತದೆ. ಲಿನಕ್ಸ್ ಹಾಕಿಬಿಡಲೇ, ಇಲ್ಲ ಮ್ಯಾಕ್ ಕೊಳ್ಳಲೇ?

ಉತ್ತರ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಏನಾದರೊಂದು ಮಾಡಲೇಬೇಕು. ಆದರೆ ‘ಅರ್ಹತೆ ಇಲ್ಲ’ ಎಂದದ್ದನ್ನು ಹಾಗೇ ನಂಬಬೇಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಟಿಪಿಎಂ ಡಾಟ್ ಎಂಎಸ್‌ಸಿ’ (tpm.msc) ತೆರೆಯಿರಿ. ಟಿಪಿಎಂ ಎಂದರೆ ವಿಂಡೋಸ್ 11 ಕೇಳುವ ಭದ್ರತಾ ಚಿಪ್. ಅಲ್ಲಿ ಟಿಪಿಎಂ ಸಿಗಲಿಲ್ಲ ಎಂದು ಬಂದರೂ ಅದು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಯಂತ್ರದ ಸೆಟ್ಟಿಂಗ್ಸ್) ಆಫ್ ಆಗಿರುವ ಸಾಧ್ಯತೆ ಇದೆ. ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಿ. ಬಯೋಸ್ ಮುಟ್ಟುವ ಮುಂಚೆ ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಯ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಆನ್ ಮಾಡಿದಾಗ ಯಂತ್ರ ಅದನ್ನೇ ಕೇಳಿ ಕೂತೀತು.

ಪ್ರೊಸೆಸರ್ ಹಳೆಯದಾದರೆ ಮಾತ್ರ ಅಧಿಕೃತ ದಾರಿಯಿಲ್ಲ. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಒಪ್ಪಿಗೆ: ಐ5-8250ಯು ನಡೆಯುತ್ತದೆ, ಐ5-7200ಯು ನಡೆಯುವುದಿಲ್ಲ. ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಮ್ಯಾಕ್‌ಓಎಸ್‌ಗೆ ಪರವಾನಗಿ ಇರುವುದು ಆಪಲ್ ಯಂತ್ರಗಳಿಗೆ ಮಾತ್ರ. ಅದು ಹೊಸ ಖರೀದಿಯ ವಿಚಾರ, ಇಲ್ಲಿಗೇ ಬಿಡೋಣ.

ಇನ್ನು ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ (ಓಎಸ್). ಮೊದಲು ನೀವು ವಾರವಿಡೀ ಬಳಸುವ ಪ್ರೋಗ್ರಾಮ್‌ಗಳ ಪಟ್ಟಿ ಮಾಡಿ. ಬ್ರೌಸರ್, ಮೇಲ್, ವಿಡಿಯೋ, ಸಾಧಾರಣ ದಾಖಲೆಗಳಾದರೆ ಚಿಂತೆಯಿಲ್ಲ. ಪಟ್ಟಿಯಲ್ಲಿ ಫೋಟೋಶಾಪ್, ಆಟೋಕ್ಯಾಡ್ ಅಥವಾ ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲ್ ಇದ್ದರೆ ವಿಂಡೋಸ್ ಬಿಡಬೇಡಿ. ಲಿನಕ್ಸ್‌ನಲ್ಲಿ ಎಕ್ಸೆಲ್ ಬದಲು ಬಳಸುವ ಲಿಬ್ರೆಆಫೀಸ್ ಆ ಫೈಲನ್ನು ತೆರೆದೀತು, ಮ್ಯಾಕ್ರೋಗಳು ಮಾತ್ರ ಅರ್ಧಕ್ಕೇ ನಿಂತಾವು.

ಪಟ್ಟಿ ಪಾಸಾದರೆ 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ಪ್ರೋಗ್ರಾಮ್ ಬಳಸಿ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಬರೆಯಿರಿ (ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ). ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿದರೆ ಡಿಸ್ಕಿನಲ್ಲಿರುವುದನ್ನು ಅಲುಗಿಸದೆ ಪರೀಕ್ಷಿಸಬಹುದು. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ನೋಡಿ. ಆಮೇಲೆ ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಗೆ ಹೋದ ಯಂತ್ರ ಏಳದೆ ಕಪ್ಪು ಪರದೆ ತೋರಿಸುವ ತೊಂದರೆ ಇದ್ದರೆ ಇಲ್ಲೇ ಗೊತ್ತಾಗುತ್ತದೆ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಡ್ರೈವರ್ ಬೇರೆಯಾಗಿ ಹಾಕಬೇಕಾಗಬಹುದು, ಅದಕ್ಕೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಇಂಟರ್ನೆಟ್ ಕೊಡಿ.

ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವುದಾದರೆ ಫೈಲ್‌ಗಳ ಬ್ಯಾಕಪ್ ತೆಗೆದು, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಜಾಗ ಬಿಡಿಸಿ, ‘ಫಾಸ್ಟ್ ಸ್ಟಾರ್ಟ್‌ಅಪ್’ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಎಂದಾಗಲೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯಲು ಆಗುವುದಿಲ್ಲ.

‘ನಿಧಾನ’ ಎಂಬುದೇ ನಿಮ್ಮ ಮುಖ್ಯ ದೂರಾಗಿದ್ದು ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಓಎಸ್ ಬದಲಿಸುವ ಮುಂಚೆ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿ. ಲಿನಕ್ಸ್ ಎಷ್ಟೇ ಹಗುರವಾದರೂ ಆ ಹಳೇ ಡಿಸ್ಕನ್ನು ವೇಗವಾಗಿ ಓಡಿಸಲಾರದು.