ಸಿಗಡಿ ತಿಂದು ಪಿತ್ತಗಂಧೆ ಎದ್ದಾಗ ಕೋಶದೊಳಗೆ ಏನಾಗುತ್ತದೆ

ಸಿಗಡಿ ಸುಕ್ಕ ತಿಂದು ಸ್ವಲ್ಪ ಹೊತ್ತಿಗೆ ಮೈತುಂಬ ಪಿತ್ತಗಂಧೆ, ಜೊತೆಗೆ ಉಸಿರೂ ಕಟ್ಟುತ್ತಿದೆ ಅಂತ ಉಡುಪಿಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮನೆಯಲ್ಲೇ ಅಲರ್ಜಿಯ ಮಾತ್ರೆ ಸೆಟ್ರಿಜಿನ್ ಒಂದು ನುಂಗಿ, ಕಡಿಮೆಯಾಗುತ್ತದಾ ಅಂತ ಕಾದು ಆಮೇಲೆ ಹೊರಟವರು. ಆ ಕಾಯುವುದೇ ನನಗೆ ಹೆದರಿಕೆ.

ಚರ್ಮ, ಶ್ವಾಸನಾಳ, ಕರುಳಿನಲ್ಲೆಲ್ಲ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳಿವೆ. ಅವುಗಳ ಒಳಗೆ ತುರಿಕೆ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿದ ಸಣ್ಣ ಸಣ್ಣ ಕಣಗಳು. ಅಲರ್ಜಿ ಇದ್ದವರಲ್ಲಿ ಕೋಶದ ಹೊರಮೈಯ ಗ್ರಾಹಕಗಳಲ್ಲಿ ಐಜಿಇ ಎಂಬ ಪ್ರತಿಕಾಯ ಮೊದಲೇ ಕೂತಿರುತ್ತದೆ. ಸಿಗಡಿಯ ಟ್ರೋಪೋಮಯೋಸಿನ್ ಪ್ರೋಟೀನು (ಏಡಿಯಲ್ಲೂ ಇದೆ, ಬೇಯಿಸಿದರೂ ಹೋಗುವುದಿಲ್ಲ) ಅಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಹಿಡಿದಾಗ ಒಳಗೆ ಕೆಲಸ ಶುರು. ಒಂದನ್ನೇ ಹಿಡಿದರೆ ಏನೂ ಆಗುವುದಿಲ್ಲ.

ಮೊದಲು ಲಿನ್ ಎಂಬ ಕಿಣ್ವ ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಅಲ್ಲಿಗೆ ಸಿಕ್ ಎಂಬ ಇನ್ನೊಂದು ಕಿಣ್ವ ಬಂದು ಚುರುಕಾಗುತ್ತದೆ, ಅದರಿಂದ ಫಾಸ್ಫೊಲೈಪೇಸ್ ಸಿ ಎಚ್ಚರವಾಗಿ ಪೊರೆಯ ಕೊಬ್ಬನ್ನು ಕತ್ತರಿಸಿ ಐಪಿ3 ಎಂಬ ಅಣು ಬಿಡುತ್ತದೆ. ಐಪಿ3 ಕೋಶದೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಬಿಡಿಸುತ್ತದೆ. ಆ ದಾಸ್ತಾನು ಖಾಲಿಯಾದದ್ದು ಸ್ಟಿಮ್1 ಪ್ರೋಟೀನಿಗೆ ಗೊತ್ತಾಗಿ, ಹೊರಪೊರೆಯ ಒರಾಯ್1 ದಾರಿ ತೆರೆದು ಹೊರಗಿನ ಕ್ಯಾಲ್ಸಿಯಂ ನುಗ್ಗುತ್ತದೆ. ಈ ಎರಡನೇ ಸುತ್ತೇ ಮುಖ್ಯ. ಇದಾದ ಮೇಲೆ ಕಣಗಳು ಹೊರಪೊರೆಗೆ ಬೆಸೆದು ಹಿಸ್ಟಮಿನ್ ಸುರಿಯುತ್ತವೆ. ಎಲ್ಲ ಸೇರಿ ಕೆಲವೇ ನಿಮಿಷ.

ಸೆಟ್ರಿಜಿನ್ ಇದ್ಯಾವುದನ್ನೂ ನಿಲ್ಲಿಸುವುದಿಲ್ಲ. ಹೊರಬಿದ್ದ ಹಿಸ್ಟಮಿನ್ ಎಚ್1 ಗ್ರಾಹಕದಲ್ಲಿ ಕೆಲಸ ಮಾಡದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಬರೀ ತುರಿಕೆಗೆ ಒಳ್ಳೆಯ ಮಾತ್ರೆ. ಆದರೆ ಅದೇ ಕೋಶ ಲ್ಯೂಕೋಟ್ರೈನ್ ಎಂಬ ಬೇರೆ ರಾಸಾಯನಿಕಗಳನ್ನೂ ಬಿಡುತ್ತದೆ, ಅವು ಶ್ವಾಸನಾಳವನ್ನು ಜೋರಾಗಿ ಬಿಗಿಯುತ್ತವೆ, ಅವಕ್ಕೆ ಈ ಮಾತ್ರೆ ಏನೂ ಮಾಡದು. ಆಸ್ಪತ್ರೆಯಲ್ಲಿ ಚುಚ್ಚುವ ಅಡ್ರಿನಲಿನ್ ಹಾಗಲ್ಲ. ಶ್ವಾಸನಾಳ ಸಡಿಲಿಸುತ್ತದೆ, ಬಿಪಿ ಎತ್ತುತ್ತದೆ, ಮಾಸ್ಟ್ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಒಯ್ಯುವ ಅಣು ಹೆಚ್ಚಿಸಿ ಮುಂದಿನ ಸುರಿತವನ್ನೂ ತಗ್ಗಿಸುತ್ತದೆ.

ಬಂಗುಡೆ ತಿಂದು ಮುಖ ಕೆಂಪಾಗುವುದು ಕೆಲವು ಸಲ ಬೇರೆಯೇ ಕಥೆ. ಸರಿಯಾಗಿ ಐಸ್ ಹಾಕದ ಮೀನಿನಲ್ಲಿ ಬ್ಯಾಕ್ಟೀರಿಯಾಗಳೇ ಹಿಸ್ಟಮಿನ್ ಮಾಡಿಟ್ಟಿರುತ್ತವೆ, ಬೇಯಿಸಿದರೂ ಅದು ಹೋಗದು. ಅಲ್ಲಿ ಐಜಿಇ ಕೆಲಸವೇ ಇಲ್ಲ, ಹಾಗಾಗಿ ಸುಮ್ನೆ ಜೀವನಪೂರ್ತಿ ಮೀನು ಬಿಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ಆದರೆ ಉಸಿರು ಕಟ್ಟಿದರೆ, ಗಂಟಲು ಊದಿದರೆ, ತಲೆ ತಿರುಗಿ ಬೀಳುವ ಹಾಗಾದರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಅಲ್ಲಿ ತೊಡೆಯ ಹೊರಬದಿಗೆ, ದೊಡ್ಡವರಿಗಾದರೆ ಸಾಮಾನ್ಯವಾಗಿ 0.5 ಮಿಲಿಗ್ರಾಂ ಅಡ್ರಿನಲಿನ್ ಕೊಡುತ್ತಾರೆ. ಮಾತ್ರೆಯನ್ನು ಆಮೇಲೆ ನುಂಗಬಹುದು.