ಸ್ಕೇಲಿಗೆ ಸಿಗದ ದಪ್ಪವನ್ನು ಅಳೆಯುವುದು ಹೇಗೆ?

ಸ್ಕೇಲಿನಲ್ಲಿ ಎರಡು ಗೆರೆಗಳ ನಡುವೆ ಒಂದು ಮಿಲಿಮೀಟರ್ ಜಾಗ. ಕಾಗದದ ಹಾಳೆ ಅದಕ್ಕಿಂತ ಎಷ್ಟೋ ತೆಳು. ಒಂದೇ ಹಾಳೆಯನ್ನು ಸ್ಕೇಲಿನ ಪಕ್ಕ ಹಿಡಿದರೆ ಏನೂ ತಿಳಿಯುವುದಿಲ್ಲ, ಅಲ್ವಾ? ಪ್ರಿಂಟರಿಗೆ ಹಾಕುವ 500 ಹಾಳೆಗಳ ಕಟ್ಟನ್ನು ಅಳೆದು ನೋಡಿ. ಸುಮಾರು 50 ಮಿಲಿಮೀಟರ್ ಬರುತ್ತದೆ. ಅಲ್ಲಿಗೆ ಒಂದು ಹಾಳೆಯ ದಪ್ಪ 0.1 ಮಿಲಿಮೀಟರ್.

ಇಲ್ಲಿ ತಪ್ಪಿಗೆ ಏನಾಗುತ್ತದೆ ಎನ್ನುವುದೇ ಸೊಗಸು. ಕಟ್ಟನ್ನು ಅಳೆಯುವಾಗ ಒಂದು ಮಿಲಿಮೀಟರ್ ಆಚೀಚೆ ಆಯಿತು ಅಂದುಕೊಳ್ಳಿ. ಆ ತಪ್ಪೂ 500 ಹಾಳೆಗಳಿಗೆ ಹಂಚಿಹೋಗುತ್ತದೆ. ಒಂದು ಹಾಳೆಯ ಪಾಲಿಗೆ ಬರುವುದು ಬರೀ 0.002 ಮಿಲಿಮೀಟರ್.

ಎಲ್ಲ ತಪ್ಪೂ ಹೀಗೆ ಕರಗುವುದಿಲ್ಲ. ಹಾಳೆಗಳ ನಡುವೆ ಗಾಳಿ ಇದ್ದರೆ ಅದು ಪ್ರತಿ ಹಾಳೆಗೂ ಸೇರಿಕೊಳ್ಳುತ್ತದೆ. ಎಷ್ಟೇ ಹಾಳೆ ಪೇರಿಸಿದರೂ ಆ ತಪ್ಪು ಉಳಿದೇ ಇರುತ್ತದೆ. ಅದಕ್ಕೇ ಕಟ್ಟನ್ನು ಗಟ್ಟಿಯಾಗಿ ಒತ್ತಿ ಹಿಡಿದು ಅಳೆಯಬೇಕು. ಪುಸ್ತಕವಾದರೆ ರಟ್ಟು ಬಿಟ್ಟು ಅಳೆಯಿರಿ. 300 ಪುಟ ಅಂದರೆ 150 ಹಾಳೆ ಅನ್ನುವುದೂ ನೆನಪಿರಲಿ.

ತಂತಿಯನ್ನು ಪೇರಿಸಲು ಆಗದು. ಪೆನ್ಸಿಲಿಗೆ ಒತ್ತೊತ್ತಾಗಿ 30 ಸುತ್ತು ಸುತ್ತಿ, ಸುತ್ತುಗಳ ಒಟ್ಟು ಅಗಲವನ್ನು 30ರಿಂದ ಭಾಗಿಸಿದರೆ ಸಾಕು.

ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ಸ್ಕೇಲಿಗಿಂತ ತಕ್ಕಡಿ ವಾಸಿ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. 10 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಹಾಳೆ 89 ಗ್ರಾಂ ತೂಗಿತು ಅನ್ನಿ. ಅದರಲ್ಲಿರುವ ಲೋಹ ಸುಮಾರು 33 ಘನ ಸೆಂಟಿಮೀಟರ್. ಅದನ್ನು 30,000 ಚದರ ಸೆಂಟಿಮೀಟರಿಗೆ ಹಂಚಿದರೆ ದಪ್ಪ 0.011 ಮಿಲಿಮೀಟರ್. ಕಾಗದದ ಒಂಬತ್ತನೇ ಒಂದು ಭಾಗ!

ಇದೇ ಲೆಕ್ಕ ಇನ್ನೂ ಎಷ್ಟು ಆಳಕ್ಕೆ ಹೋಗಬಲ್ಲದು ನೋಡಿ. ಅಮೆರಿಕದ ವಿಜ್ಞಾನಿ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲ್ಯಾಪಮ್‌ನ ಕೊಳವೊಂದಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ ಸುರಿದ. ಅದು ಹರಡುತ್ತಾ ಹೋಗಿ ಸುಮಾರು ಅರ್ಧ ಎಕರೆ ನೀರಿನ ಅಲೆಗಳನ್ನು ಅಡಗಿಸಿಬಿಟ್ಟಿತು. 1774ರಲ್ಲಿ ಈ ವಿವರ ಅಚ್ಚಾಯಿತು. ಅವನ ಗಮನವೆಲ್ಲ ಅಲೆಗಳ ಮೇಲಿತ್ತು, ಎಣ್ಣೆ ಪದರದ ದಪ್ಪವನ್ನು ಅವನು ಲೆಕ್ಕ ಹಾಕಲಿಲ್ಲ. ನಾವು ಹಾಕೋಣ. ಚಮಚದ ಎಣ್ಣೆ 2ರಿಂದ 5 ಮಿಲಿಲೀಟರ್ ಇರಬಹುದು. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್. ಭಾಗಿಸಿದರೆ ಪದರದ ದಪ್ಪ 1ರಿಂದ 2.5 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಇಂಥ ಹತ್ತು ಲಕ್ಷ ನ್ಯಾನೋಮೀಟರ್‌ಗಳಿವೆ.

ಅದು ಹೆಚ್ಚುಕಡಿಮೆ ಎಣ್ಣೆಯ ಒಂದೇ ಅಣುವಿನ ಉದ್ದ. ಅಷ್ಟು ಹರಡಿದ ಮೇಲೆ ಅಣುವಿನ ಮೇಲೆ ಅಣು ಉಳಿದಿರುವುದಿಲ್ಲ, ಇನ್ನೂ ತೆಳುವಾದರೆ ಪದರವೇ ಹರಿದುಹೋಗುತ್ತದೆ. 1890ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೀ ದೊಡ್ಡ ತೊಟ್ಟಿಯ ನೀರಿನ ಮೇಲೆ ತೂಗಿದ ಆಲಿವ್ ಎಣ್ಣೆ ಬಿಟ್ಟು ಇದೇ ಭಾಗಾಕಾರ ಮಾಡಿದ. ಅವನಿಗೆ ಬಂದ ಉತ್ತರ 1.6 ನ್ಯಾನೋಮೀಟರ್.