ಬಾಲ್ಯದ ‘ಅಮ್ಮ’, ಮುಪ್ಪಿನ ಸರ್ಪಸುತ್ತು

ಸರ್ಪಸುತ್ತಿನ ಹೆಡೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಸೊಂಟದ ಅಥವಾ ಎದೆಯ ಒಂದು ಪಕ್ಕದಲ್ಲಿ ಉರಿ ಹುಟ್ಟಿ, ಕೆಲವು ದಿನಗಳಲ್ಲಿ ನೀರುಗುಳ್ಳೆಗಳು ಪಟ್ಟಿಯಾಗಿ ಎದ್ದುಬಂದಾಗ, ಎಷ್ಟೋ ಮನೆಗಳಲ್ಲಿ ನಾಗದೋಷದ ಲೆಕ್ಕಾಚಾರ ಶುರುವಾಗುತ್ತದೆ, ಮಂತ್ರ ಬಲ್ಲವರನ್ನು ಕರೆಸಿ ಕೆಮ್ಮಣ್ಣು ಹಚ್ಚಿಸುತ್ತಾರೆ. ಆ ಗುಳ್ಳೆಗಳ ಮೂಲವನ್ನು ಹುಡುಕಬೇಕಾದದ್ದು ಅದೇ ವ್ಯಕ್ತಿಯ ಬಾಲ್ಯದಲ್ಲಿ. ‘ಅಮ್ಮ ಬಂದಿದೆ’ ಎಂದು ಮನೆಯವರು ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದ ಸೀತಾಳೆ ಸಿಡುಬಿನ ದಿನಗಳಲ್ಲಿ.

ಎರಡಕ್ಕೂ ಕಾರಣ ವ್ಯಾರಿಸೆಲ್ಲಾ ಜೋಸ್ಟರ್ ಎಂಬ ಒಂದೇ ವೈರಸ್. (1980ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಘೋಷಿಸಲಾದ ದೊಡ್ಡ ಸಿಡುಬಿಗೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ.) ಈ ಸಂಬಂಧವನ್ನು ಮೊದಲು ಊಹಿಸಿದವರಲ್ಲಿ ಹಂಗೇರಿಯ ಮಕ್ಕಳ ವೈದ್ಯ ಫಾನ್ ಬೋಕೈ ಒಬ್ಬರು. ದೊಡ್ಡವರೊಬ್ಬರಿಗೆ ಸರ್ಪಸುತ್ತು ಬಂದ ಮನೆಗಳಲ್ಲಿ ಸ್ವಲ್ಪ ದಿನಗಳ ನಂತರ ಮಕ್ಕಳಿಗೆ ಸೀತಾಳೆ ಸಿಡುಬು ಏಳುವುದನ್ನು ಅವರು ಗಮನಿಸಿದ್ದರು. 1925ರಲ್ಲಿ ಕುಂಡ್ರಾಟಿಟ್ಸ್ ಎಂಬ ವೈದ್ಯರು ಸರ್ಪಸುತ್ತಿನ ಗುಳ್ಳೆಯ ನೀರನ್ನೇ ಮಕ್ಕಳ ಚರ್ಮಕ್ಕೆ ಸೇರಿಸಿ ಅದನ್ನು ಖಚಿತಪಡಿಸಿಕೊಂಡರು. ಇಂದು ಯಾವ ವೈದ್ಯಕೀಯ ನೈತಿಕ ಸಮಿತಿಯೂ ಒಪ್ಪದ ಪ್ರಯೋಗವದು. ಒಬ್ಬನೇ ರೋಗಿಯ ಎರಡೂ ಕಾಯಿಲೆಗಳಿಂದ ತೆಗೆದ ವೈರಸ್ಸಿನ ಡಿಎನ್‌ಎ ಒಂದೇ ಎಂಬುದನ್ನು 1984ರಲ್ಲಿ ತೋರಿಸಿದ ಮೇಲೆ ವಾದಕ್ಕೆ ಅವಕಾಶ ಉಳಿಯಲಿಲ್ಲ.

ನನಗೆ ಹೆಚ್ಚು ಪ್ರಿಯವಾದ ಕಥೆ ಎಡ್ಗರ್ ಹೋಪ್-ಸಿಂಪ್ಸನ್ನರದು. ಇಂಗ್ಲೆಂಡಿನ ಸೈರನ್ಸೆಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ಸಾಮಾನ್ಯ ವೈದ್ಯರಾಗಿದ್ದ ಅವರು 16 ವರ್ಷಗಳ ಕಾಲ ತಮ್ಮಲ್ಲಿಗೆ ಬಂದ ಸರ್ಪಸುತ್ತಿನ 192 ಪ್ರಕರಣಗಳನ್ನು ತಾಳ್ಮೆಯಿಂದ ದಾಖಲಿಸಿ, 1965ರಲ್ಲಿ ಪ್ರಕಟಿಸಿದರು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ವರ್ಷಕ್ಕೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಿದ್ದ ಕಾಯಿಲೆ, ಎಂಬತ್ತು ದಾಟಿದವರಲ್ಲಿ ಸಾವಿರಕ್ಕೆ ಸುಮಾರು ಹತ್ತಕ್ಕೆ ಏರುತ್ತಿತ್ತು. ಸೀತಾಳೆ ಸಿಡುಬಿನ ಗುಳ್ಳೆಗಳು ದಟ್ಟವಾಗಿ ಏಳುವ ಮುಂಡ ಮತ್ತು ಮುಖದ ಭಾಗಗಳಲ್ಲಿಯೇ ಸರ್ಪಸುತ್ತೂ ಹೆಚ್ಚು. ಹಳೆಯ ವೈರಸ್ ಸಂವೇದನಾ ನರಗಳಲ್ಲಿ ಅಡಗಿ ಕುಳಿತಿರುತ್ತದೆ, ದೇಹದ ಕಾವಲು ಸಡಿಲವಾದಾಗ ಏಳುತ್ತದೆ ಎಂದು ಅವರು ತರ್ಕಿಸಿದರು, ಅದೂ ನರಗಳೊಳಗೆ ಆ ವೈರಸ್ಸನ್ನು ಕಂಡುಹಿಡಿಯುವ ತಂತ್ರ ಕೈಗೆ ಬರುವುದಕ್ಕೆ ಬಹಳ ಮೊದಲೇ.

ಅಡಗುವುದೆಂದರೇನು? ಬಾಲ್ಯದ ಗುಳ್ಳೆಗಳು ಒಣಗುತ್ತಿರುವಾಗಲೇ ಕೆಲವು ವೈರಸ್‌ಗಳು ಚರ್ಮದ ನರತಂತುಗಳನ್ನು ಹಿಡಿದು ಹಿಮ್ಮುಖವಾಗಿ ಸಾಗಿ, ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳನ್ನು ಸೇರಿಕೊಳ್ಳುತ್ತವೆ. ಇದನ್ನು ಬೂದಿ ಮುಚ್ಚಿದ ಕೆಂಡವೆನ್ನಬಹುದಿತ್ತು, ಆದರೆ ಕೆಂಡ ತಾನಾಗಿಯೇ ಆರುತ್ತದೆ, ಇದು ಆರುವುದಿಲ್ಲ. ಹಗೇವಿನಲ್ಲಿಟ್ಟ ರಾಗಿ ಹೆಚ್ಚು ಸರಿಯಾದ ಹೋಲಿಕೆ: ನೆಲದೊಳಗೆ ವರ್ಷಗಟ್ಟಲೆ ಮೊಳೆಯದೆ, ಕೊಳೆಯದೆ, ಜೀವ ಹಿಡಿದು ಬಿದ್ದಿರುವ ಕಾಳು. ಹಗೇವಿಗೆ ತೇವ ತಾಗದಂತೆ ನೋಡಿಕೊಳ್ಳುವುದು ಸೋಂಕಿನ ವಿರುದ್ಧ ಹೋರಾಡುವ ರಕ್ತದ ಟಿ ಜೀವಕೋಶಗಳು. ವಯಸ್ಸಾದಂತೆ, ಅಥವಾ ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ, ದೀರ್ಘಕಾಲದ ಸ್ಟೀರಾಯ್ಡ್ ಸೇವನೆಗಳಿಂದ ಈ ಕಾವಲು ದುರ್ಬಲವಾಗುತ್ತದೆ. ಪ್ರತಿಕಾಯಗಳು ಸಾಕಷ್ಟಿದ್ದರೂ ಆ ಕೊರತೆ ತುಂಬುವುದಿಲ್ಲ.

ಎದ್ದ ವೈರಸ್ ತಾನಿದ್ದ ನರದ ದಾರಿಯಲ್ಲಿಯೇ ಚರ್ಮಕ್ಕೆ ಮರಳುತ್ತದೆ. ಕೆರೆಯ ಒಂದು ತೂಬು ತೆರೆದರೆ ಆ ತೂಬಿನ ಗದ್ದೆಗಳಷ್ಟೇ ನೆನೆಯುವಂತೆ, ಒಂದು ನರಗಂಟಿನ ವೈರಸ್ ಆ ನರ ತಲುಪುವ ಚರ್ಮದ ಪಟ್ಟಿಯನ್ನಷ್ಟೇ ಸುಡುತ್ತದೆ. ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು 1900ರಲ್ಲಿ ಇದೇ ಗುಳ್ಳೆಗಳ ನೆರವಿನಿಂದ ಮನುಷ್ಯನ ಚರ್ಮದ ನರ ನಕ್ಷೆಯನ್ನು ಬರೆದರು. ಬೆನ್ನುಹುರಿಯ 31 ಜೋಡಿ ನರಗಳಲ್ಲಿ ಪ್ರತಿಯೊಂದೂ ಮೈಯ ಒಂದೇ ಪಕ್ಕಕ್ಕೆ ಹೋಗುವುದರಿಂದ ‘ಹಾವು’ ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ಹೆಡೆ ಬಾಲಗಳು ಕೂಡುವುದು ಅಪರೂಪ. ಗುಳ್ಳೆಗಳು ಎರಡೂ ಪಕ್ಕಕ್ಕೆ ಹರಡಿದರೆ ಆತಂಕಪಡಬೇಕಾದದ್ದು ಕುಸಿದಿರಬಹುದಾದ ರೋಗನಿರೋಧಕ ಶಕ್ತಿಯ ಬಗ್ಗೆ.

ಮಂತ್ರ ಹಾಕಿಸಿದವರಿಗೆ ಗುಣವಾಗುವುದೇಕೆಂದರೆ, ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಹೇಗೂ ಒಣಗುತ್ತವೆ. ಕಳೆದುಹೋಗುವುದು ಗುಳ್ಳೆ ಎದ್ದ ಮೊದಲ 72 ಗಂಟೆಗಳು. ವೈರಸ್ ತಡೆಯುವ ಮಾತ್ರೆ ಹೆಚ್ಚು ಫಲ ಕೊಡುವ ಅವಧಿಯದು. ನರಕ್ಕೆ ಪೆಟ್ಟಾದರೆ ಚರ್ಮ ವಾಸಿಯಾದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಬಟ್ಟೆ ಸೋಕಿದರೂ ತಾಳಲಾಗದ ನೋವು ಉಳಿಯುತ್ತದೆ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ಅಪಾಯವಿದೆಯೆಂದು ತಿಳಿದು ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಅಮೆರಿಕದ ಅಂದಾಜಿನಂತೆ ಮೂವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಸರ್ಪಸುತ್ತು ಬರುತ್ತದೆ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆ 2023ರಿಂದ ಭಾರತದಲ್ಲಿಯೂ ಸಿಗುತ್ತಿದೆ. ಬೆಲೆ ದುಬಾರಿಯಾದರೂ ಪರೀಕ್ಷೆಗಳಲ್ಲಿ ಅದು ಶೇಕಡ 90ಕ್ಕೂ ಹೆಚ್ಚು ರಕ್ಷಣೆ ಕೊಟ್ಟಿದೆ. ಅಜ್ಜನ ಸರ್ಪಸುತ್ತು ಮೊಮ್ಮಗುವಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಸೀತಾಳೆ ಸಿಡುಬು ಬಾರದ, ಲಸಿಕೆಯೂ ಆಗದ ಮಗುವಾದರೆ ಗುಳ್ಳೆಯ ನೀರಿನಿಂದ ಸೀತಾಳೆ ಸಿಡುಬು ಬರಬಹುದು. ಆದ್ದರಿಂದ ಹಕ್ಕಳೆ ಕಟ್ಟುವವರೆಗೆ ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿಟ್ಟುಕೊಳ್ಳಬೇಕು.